ಬಣ್ಣವಿಲ್ಲದ ಬಣ್ಣ: ಪಾಲಿಯೆಸ್ಟರ್ ಎಳೆಗೆ ಸೊಳ್ಳೆಮದ್ದು ಹಿಡಿಸುವುದು ಹೇಗೆ?

ಬಿಸಿ ಹುಳಿಯನ್ನ ತುಂಬಿದ ಪ್ಲಾಸ್ಟಿಕ್ ಡಬ್ಬಿ ಸಂಜೆ ತೊಳೆಯುವ ಹೊತ್ತಿಗೆ ಹಳದಿಯಾಗಿರುತ್ತದೆ. ಸೋಪು ಹಾಕಿ, ಹುಣಸೆಹಣ್ಣು ತಿಕ್ಕಿ, ಎಷ್ಟು ಉಜ್ಜಿದರೂ ಆ ಹಳದಿ ಹೋಗದು. ಅದೇ ಹುಳಿಯನ್ನ ಸ್ಟೀಲ್ ಡಬ್ಬಿಯಲ್ಲಿದ್ದರೆ ಕಲೆಯ ಸುಳಿವೂ ಇಲ್ಲ. ತಣ್ಣೀರಿಗೆ ಅರಿಶಿನ ಕದಡಿ ಅದೇ ಪ್ಲಾಸ್ಟಿಕ್ ಡಬ್ಬಿಗೆ ಸುರಿದರೆ ಅಷ್ಟು ಬೇಗ ಹತ್ತುವುದೂ ಇಲ್ಲ. ಅರಿಶಿನದ ಬಣ್ಣ ನೀರಿಗೆ ಒಗ್ಗದು, ಎಣ್ಣೆಗೆ ಒಗ್ಗುತ್ತದೆ. ಪ್ಲಾಸ್ಟಿಕ್ಕು ಎಣ್ಣೆಯ ಜಾತಿಯದು. ಬಿಸಿ ತಾಕಿದಾಗ ಅದು ಸಡಿಲವಾಗಿ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಇಷ್ಟು ತಿಳಿದರೆ ಪಾಲಿಯೆಸ್ಟರ್ ಬಟ್ಟೆಗೆ ಬಣ್ಣ ಹಾಕುವ ವಿದ್ಯೆಯ ಮುಕ್ಕಾಲು ಪಾಲು ತಿಳಿದಂತೆ. ಅದೇ ಬಟ್ಟೆಗೆ ಸೊಳ್ಳೆಮದ್ದು ಹಿಡಿಸುವ ವಿದ್ಯೆಯೂ ಹೆಚ್ಚುಕಡಿಮೆ ಅದೇ. ಬಣ್ಣದ ಜಾಗದಲ್ಲಿ ಬಣ್ಣವಿಲ್ಲದ ಒಂದು ಅಣು ಬರುತ್ತದೆ, ಅಷ್ಟೆ. ಉಳಿದ ಕಾಲು ಪಾಲು ಮಾತ್ರ ಬೇರೆ, ತೊಡಕೆಲ್ಲ ಇರುವುದು ಅಲ್ಲೇ.

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ರಾತ್ರಿ ಕಟ್ಟುವ ಪರದೆ ಅದಕ್ಕೆ ಅಡ್ಡ ಬರುವುದಿಲ್ಲ. ಹಗಲಿಡೀ ಮೈಮೇಲಿರುವ ಬಟ್ಟೆಯೇ ಅಡ್ಡ ನಿಂತರೆ ಹೇಗೆ ಎಂಬ ಯೋಚನೆ ಹುಟ್ಟುವುದು ಇಲ್ಲಿಂದ. ‘ಕೀಟ ನಿರೋಧಕ’ ಎಂಬ ಚೀಟಿ ಹೊತ್ತ ಅಂಗಿಯನ್ನು ಕೈಯಲ್ಲಿ ಹಿಡಿದವರಿಗೆ ಆ ಚೀಟಿಯ ಹಿಂದೆ ನಡೆದಿರುವುದೇನು ಎಂದು ತಿಳಿದಿದ್ದರೆ ಅನುಕೂಲ.

ಓಡಿಸುವ ಮದ್ದು, ಕೆಡಹುವ ಮದ್ದು

ಕೀಟವನ್ನು ದೂರವಿಡುವ ರಾಸಾಯನಿಕಗಳಲ್ಲಿ ಎರಡು ಬಗೆ. ಒಂದು, ಆವಿಯಾಗಿ ಗಾಳಿಗೆ ಸೇರಿ ದೂರದಿಂದಲೇ ಓಡಿಸುವುದು. ಮೈಗೆ ಹಚ್ಚುವ ಡೀಟ್, ಸಿಟ್ರೊನೆಲ್ಲ ಎಣ್ಣೆ, ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲಕ್ಕೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಈ ಸಾಲಿನವು. ಇವು ಕೆಲಸ ಮಾಡಬೇಕಾದರೆ ಇದ್ದ ಜಾಗ ಬಿಟ್ಟು ಹೋಗಲೇಬೇಕು. ಬೀರುವಿನಲ್ಲಿಟ್ಟ ನುಸಿಗುಳಿಗೆ ದಿನದಿನಕ್ಕೆ ಸಣ್ಣದಾಗುವಂತೆ ಇವೂ ಕರಗಿಹೋಗುತ್ತವೆ. ಹಾಗಾಗಿ ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯಬೇಕು ಎಂಬ ಬೇಡಿಕೆಗೂ ಇವಕ್ಕೂ ಹೊಂದುವುದಿಲ್ಲ. ಮೈಕ್ರೋ ಕ್ಯಾಪ್ಸೂಲ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಬುರುಡೆಗಳಲ್ಲಿ ಇವನ್ನು ತುಂಬಿ ಬಟ್ಟೆಗೆ ಅಂಟಿಸುವುದುಂಟು. ತಿಕ್ಕಾಟಕ್ಕೆ ಬುರುಡೆ ಒಡೆದಾಗ ವಾಸನೆ ಹೊರಬರುತ್ತದೆ, ಎಲ್ಲ ಒಡೆದ ಮೇಲೆ ಮುಗಿಯಿತು.

ಇನ್ನೊಂದು ಬಗೆ ಮುಟ್ಟಿದರೆ ಮಾತ್ರ ಕೆಲಸ ಮಾಡುವುದು. ಪೈರೆಥ್ರಾಯ್ಡ್‌ಗಳು ಈ ಗುಂಪಿನವು. ಸೇವಂತಿಗೆಯ ಹತ್ತಿರದ ಬಂಧುವಾದ ಪೈರೆಥ್ರಮ್ ಹೂವಿನಲ್ಲಿ ಕೀಟಗಳ ನರಕ್ಕೆ ತಾಗುವ ವಸ್ತುವಿದೆ, ಆದರೆ ಅದು ಬಿಸಿಲಿಗೆ ಬೇಗ ಕೆಡುತ್ತದೆ. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಬಿಸಿಲು ತಡೆಯುವ ಪರ್ಮೆಥ್ರಿನ್ ಅನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮೈಕೆಲ್ ಎಲಿಯಟ್ ತಂಡ 1973ರಲ್ಲಿ ರೂಪಿಸಿತು. ಇವತ್ತು ಬಟ್ಟೆಗೆ ಬಳಸುವುದು ಬಹುಪಾಲು ಪರ್ಮೆಥ್ರಿನ್, ಪರದೆಗೆ ಡೆಲ್ಟಾಮೆಥ್ರಿನ್, ಆಲ್ಫಾ-ಸೈಪರ್ಮೆಥ್ರಿನ್ ಮತ್ತು ಪರ್ಮೆಥ್ರಿನ್.

ಕೀಟದ ನರದಲ್ಲಿ ಸೋಡಿಯಂ ಒಳಬರುವ ಬಾಗಿಲುಗಳಿವೆ. ಒಂದು ಸಂದೇಶ ಹಾದುಹೋದ ಕೂಡಲೇ ಅವು ಮುಚ್ಚಿಕೊಳ್ಳಬೇಕು. ಪೈರೆಥ್ರಾಯ್ಡ್ ಅಣು ಅಲ್ಲಿ ಸಿಕ್ಕಿಕೊಂಡರೆ ಬಾಗಿಲು ಅರ್ಧ ತೆರೆದೇ ಉಳಿಯುತ್ತದೆ, ನರ ಸುಮ್ಮನೆ ಮಿಡಿಯುತ್ತಲೇ ಇರುತ್ತದೆ. ಬಟ್ಟೆಯ ಮೇಲೆ ಕೂತ ಸೊಳ್ಳೆಗೆ ಕಾದ ಹೆಂಚಿನ ಮೇಲೆ ಕಾಲಿಟ್ಟ ಹಾಗಾಗಿ ಕಚ್ಚದೆ ಹಾರಿಬಿಡುತ್ತದೆ. ಇನ್ನೂ ಸ್ವಲ್ಪ ಹೊತ್ತು ಕೂತರೆ ಕೆಳಗೆ ಬೀಳುತ್ತದೆ, ಬಹಳಷ್ಟು ಸಲ ಸಾಯುತ್ತದೆ. ಅಂದರೆ ಚೀಟಿಯಲ್ಲಿ ‘ನಿರೋಧಕ’ ಎಂದು ಬರೆದಿದ್ದರೂ ಒಳಗಿರುವುದು ಕೀಟನಾಶಕ. ಓಡಿಸುವ ಗುಣ ಅದರ ಮೊದಲ ಹಂತ ಮಾತ್ರ.

ಮೊದಲು ನುಸಿ, ಆಮೇಲೆ ಸೊಳ್ಳೆ

ಬಣ್ಣದ ಜೊತೆ ಕೀಟದ ಮದ್ದನ್ನೂ ಹಾಕುವ ಯೋಚನೆ ಸೊಳ್ಳೆಯಿಂದ ಬಂದದ್ದಲ್ಲ, ಉಣ್ಣೆ ಬಟ್ಟೆ ತಿನ್ನುವ ನುಸಿಯಿಂದ ಬಂದದ್ದು. ಕೆಲವು ಬಣ್ಣ ಹಾಕಿದ ಉಣ್ಣೆಯನ್ನು ನುಸಿಯ ಮರಿಹುಳು ಮುಟ್ಟುವುದಿಲ್ಲ ಎಂದು ಜರ್ಮನಿಯ ಬಣ್ಣದ ರಸಾಯನಶಾಸ್ತ್ರಜ್ಞರು ಗಮನಿಸಿದ್ದರು. ಆ ಜಾಡಿನಲ್ಲಿ ಬಾಯರ್ ಕಂಪನಿ 1920ರ ದಶಕದ ಆರಂಭದಲ್ಲಿ ‘ಯೂಲಾನ್’ ಹೆಸರಿನ ಮದ್ದುಗಳನ್ನು ತಂದಿತು. ಸ್ವಿಟ್ಜರ್‌ಲೆಂಡಿನ ಗೈಗಿ ಕಂಪನಿಯ ‘ಮಿಟಿನ್ ಎಫ್‌ಎಫ್’ ಅಂತೂ ಅಕ್ಷರಶಃ ಬಣ್ಣವಿಲ್ಲದ ಬಣ್ಣವೇ. ಉಣ್ಣೆಗೆ ಹಾಕುವ ಆಸಿಡ್ ಬಣ್ಣಗಳಂತೆ ಅದೂ ಅದೇ ಕುದಿನೀರಿನಿಂದ ಎಳೆಯೊಳಗೆ ಹೋಗಿ ಹಿಡಿದುಕೊಳ್ಳುತ್ತಿತ್ತು. ಅದೇ ಗೈಗಿಯಲ್ಲಿ ಕೆಲಸಕ್ಕಿದ್ದ ಪಾಲ್ ಮ್ಯುಲರ್ 1939ರಲ್ಲಿ ಡಿಡಿಟಿಯ ಕೀಟನಾಶಕ ಗುಣ ಕಂಡುಕೊಂಡು 1948ರಲ್ಲಿ ನೊಬೆಲ್ ಪಡೆದರು.

ಉಣ್ಣೆಗೂ ಪಾಲಿಯೆಸ್ಟರಿಗೂ ಇರುವ ಒಂದು ವ್ಯತ್ಯಾಸವನ್ನು ಇಲ್ಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ನುಸಿಯ ಹುಳು ಉಣ್ಣೆಯನ್ನು ತಿನ್ನುತ್ತದೆ. ಮದ್ದು ಎಳೆಯ ಒಳಗೆಲ್ಲೇ ಇದ್ದರೂ ಹುಳುವಿನ ಹೊಟ್ಟೆಗೆ ಹೋಗಿಯೇ ಹೋಗುತ್ತದೆ. ಪಾಲಿಯೆಸ್ಟರನ್ನು ಯಾವ ಕೀಟವೂ ತಿಂದು ಜೀರ್ಣಿಸುವುದಿಲ್ಲ. ಅದಕ್ಕೆ ಮದ್ದು ಹಾಕುವುದು ಬಟ್ಟೆ ಉಳಿಸಲು ಅಲ್ಲ, ತೊಟ್ಟವರನ್ನು ಉಳಿಸಲು. ಇಲ್ಲಿ ಕೀಟಕ್ಕೂ ಮದ್ದಿಗೂ ಭೇಟಿಯಾಗುವುದು ಕಾಲಿನ ತುದಿಯಲ್ಲಿ, ಎಳೆಯ ಮೇಲ್ಮೈಯಲ್ಲಿ. (ಕನ್ನಡದಲ್ಲಿ ಕುರಿಯ ಕೂದಲೂ ಉಣ್ಣೆ, ರಕ್ತ ಹೀರುವ ಉಣುಗೂ ಉಣ್ಣೆ. ಮೊದಲನೆಯದನ್ನು ಕಾಯಲು ಹುಟ್ಟಿದ ವಿದ್ಯೆ ಎರಡನೆಯದನ್ನು ತಡೆಯಲು ಬಳಕೆಯಾಗುತ್ತಿದೆ.)

ಬಿಸಿ ಜಾಮೂನು, ಬಿಸಿ ಪಾಕ

ಪಾಲಿಯೆಸ್ಟರ್ ಎಳೆಯೆಂದರೆ ಉದ್ದುದ್ದ ಅಣುಸರಪಳಿಗಳ ಕಟ್ಟು. ಕೋಣೆಯ ಉಷ್ಣತೆಯಲ್ಲಿ ಅವು ಅಲುಗಾಡದಂತೆ ಬಿಗಿದುಕೊಂಡಿರುತ್ತವೆ. ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಸರಪಳಿಗಳು ಮಿಸುಕಾಡಲು ತೊಡಗುತ್ತವೆ, ನಡುನಡುವೆ ಕ್ಷಣಕಾಲದ ಸಂದುಗಳು ಮೂಡುತ್ತವೆ. ಗಾಜಿನಂತೆ ಗಟ್ಟಿಯಾಗಿದ್ದ ಎಳೆ ರಬ್ಬರಿನಂತೆ ಸಡಿಲವಾಗುವ ಈ ಗಡಿಗೆ ಗಾಜು-ಬಿಂದು ಎನ್ನೋಣ. ಬಿಸಿ ಜಾಮೂನನ್ನು ಬಿಸಿ ಪಾಕಕ್ಕೆ ಹಾಕಿದರೆ ನಡುವಿನವರೆಗೂ ಎಳೆದುಕೊಳ್ಳುತ್ತದೆ, ಆರಿದ ಜಾಮೂನಿಗೆ ತಣ್ಣನೆಯ ಪಾಕ ಸುರಿದರೆ ಒಳಗಡೆ ಸಪ್ಪೆ. ಪಾಲಿಯೆಸ್ಟರ್ ಇನ್ನೂ ಮೊಂಡು. ಬರೀ ಕುದಿನೀರು ಅದಕ್ಕೆ ಸಾಲದು. ಕುಕ್ಕರಿನ ಹಾಗೆ ಮುಚ್ಚಿ, ಒತ್ತಡದಲ್ಲಿ ನೀರನ್ನು 130 ಡಿಗ್ರಿಗೆ ಏರಿಸಿದರೆ ಬಣ್ಣ ಸರಾಗವಾಗಿ ಹೋಗುತ್ತದೆ.

ಒಳಗೆ ಹೋಗುವ ಬಣ್ಣದ ಹೆಸರು ಡಿಸ್ಪರ್ಸ್ ಡೈ. ಅದು ನೀರಲ್ಲಿ ಕರಗುವುದಿಲ್ಲ, ನುಣ್ಣನೆಯ ಹುಡಿಯಾಗಿ ತೇಲುತ್ತಿರುತ್ತದೆ. ಚಿಕ್ಕ ಅಣು, ವಿದ್ಯುದಾವೇಶವಿಲ್ಲ, ನೀರಿಗಿಂತ ಎಳೆಯೇ ಅದಕ್ಕೆ ಹಿತ. ಈಗ ಪರ್ಮೆಥ್ರಿನ್ ನೋಡಿ. ಅಣುತೂಕ 391, ಡಿಸ್ಪರ್ಸ್ ಬಣ್ಣಗಳ ಅಳತೆಯದೇ. ಆವೇಶವಿಲ್ಲ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಮಿನ ನೂರನೇ ಒಂದು ಪಾಲೂ ಕರಗದು. ನೀರು ಮತ್ತು ಎಣ್ಣೆಯಂಥ ದ್ರಾವಕವನ್ನು ಒಟ್ಟಿಗೆ ಇಟ್ಟರೆ ನೀರಿಗಿಂತ 10 ಲಕ್ಷ ಪಟ್ಟಿಗೂ ಹೆಚ್ಚು ಎಣ್ಣೆಯ ಕಡೆಗೇ ವಾಲುತ್ತದೆ. ಕಣ್ಣಿಗೆ ಕಾಣದು ಎಂಬುದೊಂದನ್ನು ಬಿಟ್ಟರೆ ಎಲ್ಲ ಬಗೆಯಲ್ಲೂ ಅದು ಡಿಸ್ಪರ್ಸ್ ಬಣ್ಣವೇ.

ಇದೇ ಗುಣ ಸೊಳ್ಳೆಯ ಕಡೆಗೂ ಕೆಲಸ ಮಾಡುತ್ತದೆ. ಕೀಟದ ಕಾಲಿನ ಮೇಲೆ ಮೇಣದ ತೆಳು ಪದರವಿದೆ. ಎಣ್ಣೆಗೆ ಒಲಿಯುವ ಅಣು ಬಟ್ಟೆಯಿಂದ ಆ ಮೇಣಕ್ಕೆ ಸುಲಭವಾಗಿ ದಾಟುತ್ತದೆ.

ನೂರು ಕಿಲೋ ಬಟ್ಟೆಯ ಲೆಕ್ಕ

ಚದರ ಮೀಟರಿಗೆ 150 ಗ್ರಾಂ ತೂಗುವ 100 ಕಿಲೋ ಪಾಲಿಯೆಸ್ಟರ್ ಬಟ್ಟೆ ಇದೆ ಎಂದಿಟ್ಟುಕೊಳ್ಳಿ. ಬಟ್ಟೆಯ ತೂಕದ ಶೇ 0.52ರಷ್ಟು ಪರ್ಮೆಥ್ರಿನ್ ಹಿಡಿಯಬೇಕು. ಅಮೆರಿಕದಲ್ಲಿ ಮಾರಾಟವಾಗುವ ಇಂಥ ಉಡುಪುಗಳ ಚೀಟಿಯಲ್ಲಿ ಕಾಣಸಿಗುವ ಪ್ರಮಾಣ ಇದು. ಒಟ್ಟು 520 ಗ್ರಾಂ, ಅಂದರೆ ಚದರ ಮೀಟರಿಗೆ 780 ಮಿಲಿಗ್ರಾಂ. ಅಮೆರಿಕದ ಸೈನ್ಯ ತನ್ನ ಸಮವಸ್ತ್ರಕ್ಕೆ ಇಟ್ಟುಕೊಂಡ ಗುರಿ ಇನ್ನೂ ಹೆಚ್ಚು, ಚದರ ಸೆಂಟಿಮೀಟರಿಗೆ 0.125 ಮಿಲಿಗ್ರಾಂ ಅಥವಾ ಚದರ ಮೀಟರಿಗೆ 1250 ಮಿಲಿಗ್ರಾಂ.

ಮೊದಲ ಕೆಲಸ ಬಟ್ಟೆಯನ್ನು ಶುದ್ಧಮಾಡುವುದು. ಹೆಣಿಗೆ ಯಂತ್ರದ ಎಣ್ಣೆ, ನೂಲಿನ ಮೇಲಿನ ಜಾರುಪದರ ಉಳಿದಿದ್ದರೆ ಮದ್ದು ಎಳೆಗೆ ಹೋಗದೆ ಆ ಎಣ್ಣೆಗೇ ಸೇರಿ ಮೊದಲ ಒಗೆತಕ್ಕೇ ಹೊರಟುಹೋಗುತ್ತದೆ. ಎರಡನೆಯದು ಬಿಸಿಯಲ್ಲಿ ಬಟ್ಟೆಯ ಅಗಲ ನಿಲ್ಲಿಸುವುದು. ಸ್ಟೆಂಟರ್ ಯಂತ್ರದಲ್ಲಿ 180ರಿಂದ 200 ಡಿಗ್ರಿಯಲ್ಲಿ ಮಾಡುವ ಈ ಹೀಟ್ ಸೆಟ್ಟಿಂಗ್ ಮದ್ದು ಹಾಕುವ ಮುಂಚೆಯೇ ಮುಗಿದಿರಬೇಕು. ಆಮೇಲೆ ಮಾಡಿದರೆ ಮದ್ದಿನ ಒಂದು ಪಾಲು ಆವಿಯಾಗಿ ಚಿಮಣಿಗೆ ಹೋಗಿ ಅಲ್ಲಿ ಜಿಡ್ಡಾಗಿ ಕೂರುತ್ತದೆ.

ಮೂರನೆಯದು ಬಹಳ ಕಡೆ ಎಡವುವ ಜಾಗ: ಕ್ಷಾರ. ಪಾಲಿಯೆಸ್ಟರನ್ನು ಮೆದುಗೊಳಿಸಲು ಕಾಸ್ಟಿಕ್ ಸೋಡದಲ್ಲಿ ತೂಕ ಇಳಿಸಿರುತ್ತಾರೆ, ಅದರ ಅಂಶ ಮಡಿಕೆಗಳಲ್ಲಿ ಉಳಿದಿರುತ್ತದೆ. ಪೈರೆಥ್ರಾಯ್ಡ್ ಒಂದು ಎಸ್ಟರ್, ಅಂದರೆ ಆಮ್ಲ ಮತ್ತು ಆಲ್ಕೊಹಾಲಿನ ತುಂಡುಗಳು ಕೂಡಿ ಆದ ಅಣು. ಕ್ಷಾರದ ನೀರಿನಲ್ಲಿ, ಅದೂ ಬಿಸಿಯಲ್ಲಿ, ಎರಡು ತುಂಡಾಗುತ್ತದೆ, ಆ ತುಂಡುಗಳಿಗೆ ಸೊಳ್ಳೆ ಸೊಪ್ಪು ಹಾಕದು. ಅದೃಷ್ಟಕ್ಕೆ ಪರ್ಮೆಥ್ರಿನ್ ಅತಿ ಗಟ್ಟಿಯಾಗಿ ನಿಲ್ಲುವುದು ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಆಮ್ಲ) 4ರ ಆಸುಪಾಸಿನಲ್ಲಿ, ಪಾಲಿಯೆಸ್ಟರ್ ಬಣ್ಣದ ನೀರು ಇರಬೇಕಾದದ್ದೂ ಪಿಎಚ್ 4.5ರಿಂದ 5. ಅಸಿಟಿಕ್ ಆಮ್ಲ ಹಾಕಿ ಅಲ್ಲಿಗೆ ತಂದು, ಪಿಎಚ್ ಕಾಗದವನ್ನು ಬರೀ ನೀರಿಗೆ ಅದ್ದದೆ ಒದ್ದೆ ಬಟ್ಟೆಗೂ ಒತ್ತಿ ನೋಡಬೇಕು.

ಬಟ್ಟೆಯ ಹತ್ತರಷ್ಟು ನೀರು, ಅಂದರೆ 1000 ಲೀಟರ್. ಹಾಕಿದ್ದರಲ್ಲಿ ಶೇ 80 ಬಟ್ಟೆಗೆ ಹೋಗುತ್ತದೆ ಎಂದು ಲೆಕ್ಕ ಹಿಡಿದರೆ 650 ಗ್ರಾಂ ಪರ್ಮೆಥ್ರಿನ್ ಬೇಕು. ಶೇ 25ರ ದ್ರಾವಣವಾದರೆ 2.6 ಕಿಲೋ. 50-60 ಡಿಗ್ರಿಯಲ್ಲಿ ಶುರುಮಾಡಿ, ಬಣ್ಣ ಮತ್ತು ಮದ್ದು ಎರಡನ್ನೂ ಕೊಟ್ಟು, ನಿಮಿಷಕ್ಕೆ 1ರಿಂದ 1.5 ಡಿಗ್ರಿಯಂತೆ 130ಕ್ಕೆ ಏರಿಸಿ, 30ರಿಂದ 45 ನಿಮಿಷ ಅಲ್ಲೇ ನಿಲ್ಲಿಸಿ, ನಿಧಾನವಾಗಿ 80ಕ್ಕೆ ಇಳಿಸಿ ನೀರು ಬಿಡಬೇಕು. ಗಡಿಬಿಡಿಯಲ್ಲಿ ತಣ್ಣಗೆ ಮಾಡಿದರೆ ಮಡಿಕೆಯ ಗೆರೆಗಳು ಹಾಗೇ ಅಚ್ಚಾಗುತ್ತವೆ.

ಈ ಹಂತದಲ್ಲಿ ಕೆಡುವುದು ಸಾಮಾನ್ಯವಾಗಿ ಎಮಲ್ಷನ್, ಅಂದರೆ ನೀರಿನಲ್ಲಿ ಎಣ್ಣೆ ಸಣ್ಣ ಹನಿಗಳಾಗಿ ಚದುರಿನಿಂತ ಮಿಶ್ರಣ. ಹೊಲಕ್ಕೆ ಸಿಂಪಡಿಸಲು ತಯಾರಿಸಿದ ಮದ್ದಿನಲ್ಲಿ ಹಾಲುಹಾಲಾಗಿ ನಿಲ್ಲಿಸಲು ಹಾಕುವ, ವಿದ್ಯುದಾವೇಶವಿಲ್ಲದ (ಅಯಾನ್‌ರಹಿತ) ಎಮಲ್ಸಿಫೈಯರುಗಳು ಬಿಸಿ ಏರಿದ ಹಾಗೆ ನೀರಿನಿಂದ ಬೇರ್ಪಡುತ್ತವೆ. ಹಾಲು ಒಡೆದಂತೆ ಮದ್ದು ಎಣ್ಣೆಹನಿಯಾಗಿ ತೇಲಿ, ಬಟ್ಟೆಯ ಮೇಲೆ ನಾಣ್ಯದಗಲದ ಕಲೆ ಮಾಡುತ್ತದೆ. ಆ ಹನಿಗೆ ಬಣ್ಣವೂ ಓಡಿಬಂದು ಸೇರುವುದರಿಂದ ಕಲೆ ಗಾಢವಾಗಿ ಕಾಣುತ್ತದೆ. ಬಣ್ಣದ ಹುಡಿಯನ್ನು ತೇಲಿಸಿಡುವ ಲಿಗ್ನೋಸಲ್ಫೊನೇಟ್‌ನಂಥ ಋಣಾವೇಶದ ಚದುರಕಗಳು 130 ಡಿಗ್ರಿಯನ್ನು ತಾಳಿಕೊಳ್ಳುತ್ತವೆ, ಮದ್ದನ್ನೂ ಅವುಗಳಿಂದಲೇ ಚದುರಿಸಿರಬೇಕು. ಆ ಅಯಾನ್‌ರಹಿತ ಎಮಲ್ಸಿಫೈಯರ್ ಬಟ್ಟೆಯಲ್ಲಿ ಉಳಿದುಬಿಟ್ಟರೆ ಕೊನೆಗೆ ಒಣಗಿಸುವಾಗಿನ ಬಿಸಿಗೆ ಒಳಗಿನ ಬಣ್ಣ ಮೇಲಕ್ಕೆ ಹರಿದುಬರುತ್ತದೆ. ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಅಂಟುವ ದೂರು ಬರುವುದು ಆಗ.

ಉಳಿದ ಶೇ 20, ಅಂದರೆ 130 ಗ್ರಾಂ, 1000 ಲೀಟರ್ ನೀರಿನಲ್ಲಿದೆ. ಲೀಟರಿಗೆ 130 ಮಿಲಿಗ್ರಾಂ. ಮೀನುಗಳಿಗೆ ಪರ್ಮೆಥ್ರಿನ್ ಲೀಟರಿಗೆ ಕೆಲವೇ ಮೈಕ್ರೋಗ್ರಾಮಿನಲ್ಲಿ ಮಾರಕ, ಅಂದರೆ ಈ ನೀರು ಅದರ ಹತ್ತಾರು ಸಾವಿರ ಪಟ್ಟು ಗಟ್ಟಿ. ಇದನ್ನು ಸುಮ್ಮನೆ ಚರಂಡಿಗೆ ಬಿಡುವ ಹಾಗಿಲ್ಲ. ಕ್ಷಾರ ಹಾಕಿ ಬಿಸಿಮಾಡಿ ಅಣುವನ್ನು ಮುರಿದು, ಇದ್ದಿಲಿನ ಮೂಲಕ ಹಾಯಿಸಿ, ಆಮೇಲೆ ಸಂಸ್ಕರಣಾ ಘಟಕಕ್ಕೆ ಕಳಿಸಬೇಕು. ಬಟ್ಟೆಯ ಮೇಲೆ ಶತ್ರುವಾದ ಕ್ಷಾರ ಇಲ್ಲಿ ನೆರವಿಗೆ ಬರುತ್ತದೆ.

ಚೆನ್ನಾಗಿ ಹಿಡಿದರೆ ಕೆಲಸಕ್ಕೆ ಬಾರದು

ಮೊದಲು ಹೇಳಿದ ಕಾಲು ಪಾಲು ಇದು. ಬಣ್ಣ ಹಾಕುವವರ ಗುರಿ ಬಣ್ಣ ಎಳೆಯ ನಡುವಿನವರೆಗೂ ಹೋಗಿ ಮತ್ತೆಂದೂ ಹೊರಬರದಿರುವುದು. ಬಣ್ಣ ಒಳಗಿದ್ದರೂ ಕಣ್ಣಿಗೆ ಕಾಣುತ್ತದೆ. ಒಳಗಿರುವ ಮದ್ದು ಸೊಳ್ಳೆಯ ಕಾಲಿಗೆ ಸಿಗುವುದಿಲ್ಲ. ಎಳೆಯ ಮೇಲ್ಮೈಯಲ್ಲಿ ಇದ್ದಷ್ಟೇ ಮದ್ದು, ಉಳಿದದ್ದು ದಾಸ್ತಾನು. ಆ ದಾಸ್ತಾನು ಮೇಲೆ ಬರಬೇಕಾದರೆ ಅಣು ಎಳೆಯೊಳಗೆ ಚಲಿಸಬೇಕು. ಗಾಜು-ಬಿಂದು 70 ಡಿಗ್ರಿಗೂ ಮೇಲಿರುವ ಪಾಲಿಯೆಸ್ಟರಿನಲ್ಲಿ, 30 ಡಿಗ್ರಿಯ ಮೈಮೇಲೆ, ಅದು ಹೆಚ್ಚುಕಡಿಮೆ ಜೈಲಿನಲ್ಲಿದ್ದಂತೆ. ಪರೀಕ್ಷೆಗೆ ಕೊಟ್ಟರೆ ಶೇ 0.52 ಮದ್ದಿದೆ ಎಂದು ವರದಿ ಬರುತ್ತದೆ, ಸೊಳ್ಳೆ ಆರಾಮವಾಗಿ ಕೂತು ಕಚ್ಚುತ್ತದೆ!

ಬಣ್ಣದ ಕೊನೆಯ ಹಂತ ಇದನ್ನು ಇನ್ನಷ್ಟು ಕೆಡಿಸುತ್ತದೆ. ಗಾಢ ಬಣ್ಣ ಹಾಕಿದ ಮೇಲೆ ಮೇಲ್ಮೈಯಲ್ಲಿ ಕೂತ ಸಡಿಲ ಬಣ್ಣ ತೆಗೆಯಲು ಲೀಟರಿಗೆ 2 ಗ್ರಾಂ ಕಾಸ್ಟಿಕ್, 2 ಗ್ರಾಂ ಹೈಡ್ರೋಸ್ (ಬಣ್ಣ ಕಳೆಯುವ ಸೋಡಿಯಂ ಹೈಡ್ರೋಸಲ್ಫೈಟ್) ಹಾಕಿ 70-80 ಡಿಗ್ರಿಯಲ್ಲಿ 20 ನಿಮಿಷ ತೊಳೆಯುತ್ತಾರೆ. ರಿಡಕ್ಷನ್ ಕ್ಲಿಯರಿಂಗ್ ಎಂಬ ಈ ತೊಳೆತ ಮೇಲ್ಮೈಯ ಮದ್ದನ್ನು ಮುರಿದು ಹಾಕುತ್ತದೆ. ಸೊಳ್ಳೆಗೆ ಬೇಕಾದದ್ದು ಹೋಯಿತು, ಬೇಡದ್ದು ಒಳಗೆ ಉಳಿಯಿತು.

ಹಾಗಾಗಿ ಬಣ್ಣ ಮೊದಲು, ಮದ್ದು ಆಮೇಲೆ ಎಂದು ಎರಡು ನೀರಿನಲ್ಲಿ ಮಾಡುವುದು ಜಾಣತನ. ಬಣ್ಣ ಹಾಕಿ, ಕ್ಲಿಯರಿಂಗ್ ಮಾಡಿ, ಆಮ್ಲದಿಂದ ಕ್ಷಾರ ತೆಗೆದು, ಹೊಸ ನೀರಿನಲ್ಲಿ ಮದ್ದು ಕೊಟ್ಟು 100 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಿದರೆ ಅದು ಎಳೆಯ ಹೊರವಲಯದಲ್ಲೇ ಉಂಗುರದಂತೆ ಉಳಿಯುತ್ತದೆ. ಬಣ್ಣದವರ ಭಾಷೆಯಲ್ಲಿ ಉಂಗುರ ಹಿಡಿಯುವುದು ದೋಷ. ಇಲ್ಲಿ ಅದೇ ಬೇಕಾದದ್ದು.

ಪರದೆ ತಯಾರಕರು ಈ ಗಂಟನ್ನು ಬೇರೆಯೇ ಕಡೆಯಿಂದ ಬಿಡಿಸಿದರು. ಜಪಾನಿನ ಸುಮಿಟೊಮೊ ಕೆಮಿಕಲ್ ಕಂಪನಿಯ ‘ಒಲಿಸೆಟ್’ ಪರದೆಯ ಎಳೆ ಪಾಲಿಯೆಸ್ಟರ್ ಅಲ್ಲ, ಪಾಲಿಎಥಿಲೀನ್. ಕರಗಿದ ಪ್ಲಾಸ್ಟಿಕ್ಕಿಗೇ ತೂಕದ ಶೇ 2ರಷ್ಟು ಪರ್ಮೆಥ್ರಿನ್ ಬೆರೆಸಿ ಎಳೆ ತೆಗೆಯುತ್ತಾರೆ. ಪಾಲಿಎಥಿಲೀನಿನ ಗಾಜು-ಬಿಂದು ಶೂನ್ಯಕ್ಕಿಂತ ಎಷ್ಟೋ ಕೆಳಗಿದೆ, ಕೋಣೆಯ ಉಷ್ಣತೆಯಲ್ಲೇ ಸರಪಳಿಗಳು ಸಡಿಲ. ಮೇಲಿನ ಮದ್ದು ಒಗೆದುಹೋದರೆ ಒಳಗಿನದು ಕೆಲವು ದಿನಗಳಲ್ಲಿ ಬೆವರಿನಂತೆ ಮೇಲೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಶಿಫಾರಸು ಮಾಡಿದ ಮೊದಲ ದೀರ್ಘಬಾಳಿಕೆಯ ಪರದೆ ಇದು. ಪಾಲಿಯೆಸ್ಟರಿಗೂ ಹೀಗೇ ಬೆರೆಸಬಾರದೇ ಎಂದರೆ, ಪಾಲಿಯೆಸ್ಟರ್ ಕರಗಿಸಿ ಎಳೆ ತೆಗೆಯುವುದು 280 ಡಿಗ್ರಿಗೂ ಮೇಲೆ. ಅಲ್ಲಿ ಪೈರೆಥ್ರಾಯ್ಡ್ ಉಳಿಯುವುದಿಲ್ಲ.

ಪಾಲಿಯೆಸ್ಟರ್ ಪರದೆಗಳಾದ ‘ಪರ್ಮಾನೆಟ್’, ‘ಇಂಟರ್‌ಸೆಪ್ಟರ್’ಗಳಲ್ಲಿ ಮದ್ದನ್ನು ರಾಳದ ತೆಳುಪದರದಲ್ಲಿ ಕಲಸಿ ಎಳೆಯ ಮೇಲೆ ಲೇಪಿಸುತ್ತಾರೆ. ಇಲ್ಲಿ ದಾಸ್ತಾನು ಎಳೆಯೊಳಗಲ್ಲ, ಆ ಲೇಪದಲ್ಲಿ. ಪರ್ಮಾನೆಟ್ 2.0ರಲ್ಲಿ ಚದರ ಮೀಟರಿಗೆ 55 ಮಿಲಿಗ್ರಾಂ ಡೆಲ್ಟಾಮೆಥ್ರಿನ್, ಇಂಟರ್‌ಸೆಪ್ಟರಿನಲ್ಲಿ 200 ಮಿಲಿಗ್ರಾಂ ಆಲ್ಫಾ-ಸೈಪರ್ಮೆಥ್ರಿನ್. ಪರ್ಮೆಥ್ರಿನ್‌ಗಿಂತ ಇವು ಎಷ್ಟು ತೀಕ್ಷ್ಣ ಎಂಬುದು ಈ ಅಂಕಿಗಳಲ್ಲೇ ಕಾಣುತ್ತದೆ.

ಅದ್ದಿ ಹಿಂಡುವ ದಾರಿ

ಉಡುಪಿನ ಬಟ್ಟೆಗೂ ಕಾರ್ಖಾನೆಗಳು ಹೆಚ್ಚಾಗಿ ಲೇಪದ ದಾರಿಯನ್ನೇ ಹಿಡಿಯುತ್ತವೆ. ಮದ್ದಿನ ತೊಟ್ಟಿಯಲ್ಲಿ ಬಟ್ಟೆ ಮುಳುಗಿ, ಎರಡು ರಬ್ಬರ್ ಉರುಳೆಗಳ ನಡುವೆ ಹಿಂಡಿಸಿಕೊಂಡು, ಒಣಗಿ ಹೊರಬರುತ್ತದೆ. ಇದಕ್ಕೆ ಪ್ಯಾಡಿಂಗ್ ಎನ್ನುತ್ತಾರೆ. ಹಿಂಡಿದ ಮೇಲೆ ಬಟ್ಟೆ ತನ್ನ ತೂಕದ ಶೇ 60ರಷ್ಟು ನೀರು ಹೊತ್ತಿದ್ದರೆ, ಶೇ 0.52 ಹಿಡಿಯಲು ತೊಟ್ಟಿಯಲ್ಲಿ ಲೀಟರಿಗೆ 8.7 ಗ್ರಾಂ ಪರ್ಮೆಥ್ರಿನ್ ಇರಬೇಕು. ಶೇ 25ರ ದ್ರಾವಣವಾದರೆ ಲೀಟರಿಗೆ ಸುಮಾರು 35 ಗ್ರಾಂ, ಜೊತೆಗೆ ಅಕ್ರಿಲಿಕ್ ಅಥವಾ ಪಾಲಿಯುರೆಥೇನ್ ಅಂಟು. ತೊಟ್ಟಿ ಚಿಕ್ಕದು, ಕೊನೆಗೆ ಉಳಿಯುವ ಮದ್ದುನೀರು ಕೆಲವು ಹತ್ತು ಲೀಟರ್ ಮಾತ್ರ. ಸಾವಿರ ಲೀಟರ್ ವಿಷದ ನೀರಿನ ತಲೆಬಿಸಿ ಇಲ್ಲ.

ಉರುಳೆಗಳ ಒತ್ತಡ ಎಡದಿಂದ ಬಲಕ್ಕೆ ಒಂದೇ ಸಮ ಇರಬೇಕು. ಬಣ್ಣದಲ್ಲಿ ಏರುಪೇರಾದರೆ ಕಣ್ಣು ಹಿಡಿಯುತ್ತದೆ, ಬಣ್ಣವಿಲ್ಲದ ಮದ್ದಿನಲ್ಲಿ ಯಾರಿಗೂ ಕಾಣದು. ಬಟ್ಟೆಯ ಎಡ, ನಡು, ಬಲದಿಂದ ತುಂಡು ಕತ್ತರಿಸಿ ಕ್ರೊಮ್ಯಾಟೊಗ್ರಫಿಯಲ್ಲಿ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಪ್ರಯೋಗಾಲಯದ ವಿಧಾನ) ಅಳೆಯುವುದೊಂದೇ ಉಪಾಯ. ಅಂಟು ಹೆಚ್ಚಾದರೆ ಮದ್ದು ಹೂತುಹೋಗುತ್ತದೆ, ಬಟ್ಟೆ ರಟ್ಟಾಗುತ್ತದೆ. ಕಡಿಮೆಯಾದರೆ ಒಗೆತಕ್ಕೆ ಉಳಿಯದು.

ನೈಲಾನ್ ಮತ್ತು ಬೆರಕೆ ಬಟ್ಟೆ

ನೈಲಾನಿನ ಒಳದಾರಿ ಕುದಿನೀರಿನಲ್ಲೇ ತೆರೆಯುತ್ತದೆ, ಒತ್ತಡದ ಯಂತ್ರ ಬೇಕಿಲ್ಲ. ಸುಲಭವಾಗಿ ಹೋದದ್ದು ಸುಲಭವಾಗಿ ಬರುತ್ತದೆ ಕೂಡ. ನೈಲಾನಿಗೆ ಇನ್ನೊಂದು ಅನುಕೂಲವಿದೆ: ಅದರ ಸರಪಳಿಗಳ ತುದಿಯಲ್ಲಿ ಅಮೈನೊ ಎಂಬ ಕೊಂಡಿಗಳಿವೆ. ಬಣ್ಣದ ಅಣುವಿಗೆ ಒಂದು ಕಡೆ ಈ ಕೊಂಡಿಗೆ ಸಿಕ್ಕುವ ಕೊಕ್ಕೆ, ಇನ್ನೊಂದು ಕಡೆ ಕೀಟಕ್ಕೆ ತಾಗುವ ತುಂಡು ಜೋಡಿಸಿ, ಬಣ್ಣ ಹಾಕುವುದೂ ಮದ್ದು ಹಾಕುವುದೂ ಒಂದೇ ಕೆಲಸವಾಗುವಂತೆ ಮಾಡುವ ಪ್ರಯತ್ನಗಳು ಪ್ರಯೋಗಾಲಯಗಳಲ್ಲಿ ನಡೆದಿವೆ. ಯೋಚನೆ ಸೊಗಸಾಗಿದೆ. ಆದರೆ ಗಟ್ಟಿಯಾಗಿ ಕಟ್ಟಿಹಾಕಿದ ಅಣು ಆವಿಯಾಗಲಾರದು, ಸೊಳ್ಳೆಯ ಕಾಲಿಗೆ ದಾಟಲಾರದು. ಹಾಗಿರುವಾಗ ಅದು ಎಷ್ಟರಮಟ್ಟಿಗೆ ಕೆಲಸ ಮಾಡೀತು ಎಂಬ ಪ್ರಶ್ನೆಗೆ ಸೊಳ್ಳೆಯ ಮುಂದಿಟ್ಟೇ ಉತ್ತರ ಹೇಳಬೇಕು, ರಾಸಾಯನಿಕ ವರದಿಯಿಂದಲ್ಲ.

ಹತ್ತಿ-ಪಾಲಿಯೆಸ್ಟರ್ ಬೆರಕೆಯಲ್ಲಿ ಒತ್ತಡದ ಬಿಸಿಗೆ ಮದ್ದು ಪಾಲಿಯೆಸ್ಟರಿನ ಪಾಲಾಗುತ್ತದೆ, ಹತ್ತಿಯ ಎಳೆಗಳು ಬರಿಗೈ. ಪಾಲಿಪ್ರೊಪಿಲೀನಿಗೆ ಬಣ್ಣವೇ ಹಿಡಿಯದು, ಎಳೆ ತೆಗೆಯುವಾಗಲೇ ಬೆರೆಸಬೇಕು.

ಸೊಳ್ಳೆಯೇ ಪರೀಕ್ಷಕ

ಪರದೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪರೀಕ್ಷಾಕ್ರಮವಿದೆ. ಬಟ್ಟೆಯ ಮೇಲೆ ಪಾರದರ್ಶಕ ಕೋನು ಕವಿಚಿ, ರಕ್ತ ಕುಡಿಯದ, 2ರಿಂದ 5 ದಿನ ವಯಸ್ಸಿನ ಹೆಣ್ಣುಸೊಳ್ಳೆಗಳನ್ನು ಐದೈದರಂತೆ ಬಿಟ್ಟು, 3 ನಿಮಿಷವಾದ ಮೇಲೆ ಹೊರತೆಗೆಯುತ್ತಾರೆ. ಒಂದು ಗಂಟೆಯಲ್ಲಿ ಶೇ 95 ಸೊಳ್ಳೆಗಳು ಕೆಳಗೆ ಬಿದ್ದಿರಬೇಕು, ಇಲ್ಲವೇ 24 ಗಂಟೆಯಲ್ಲಿ ಶೇ 80 ಸತ್ತಿರಬೇಕು. ಒಗೆತ ಲೀಟರಿಗೆ 2 ಗ್ರಾಂ ಸೋಪಿನಲ್ಲಿ, 30 ಡಿಗ್ರಿಯಲ್ಲಿ, 10 ನಿಮಿಷ ಕುಲುಕಿ, ಎರಡು ಸಲ ಜಾಲಾಡಿಸುವುದು. 20 ಒಗೆತದ ಮೇಲೂ ತೇರ್ಗಡೆಯಾದದ್ದು ದೀರ್ಘಬಾಳಿಕೆಯದು. ಒಗೆದ ಮಾರನೇ ದಿನವೇ ಮತ್ತೆ ಒಗೆಯುವುದಲ್ಲ, ಒಳಗಿನ ಮದ್ದು ಮೇಲೆ ಬರಲು ಎಷ್ಟು ದಿನ ಬೇಕೋ ಅಷ್ಟು ಬಿಡುವು ಕೊಡಬೇಕು.

ಉಡುಪಿನ ಚೀಟಿಯಲ್ಲಿ ‘70 ಒಗೆತ’ ಎಂಬ ಮಾತು ಕಂಡರೆ ಅದು ಯಾವ ಸೋಪಿನಲ್ಲಿ, ಎಷ್ಟು ಬಿಸಿಯಲ್ಲಿ, ಯಾವ ಕೀಟದ ಮೇಲೆ ಎಂದು ಕೇಳುವುದು ನ್ಯಾಯ. ಪೈರೆಥ್ರಾಯ್ಡ್‌ಗಳಿಗೆ ಒಗ್ಗಿಹೋದ ಸೊಳ್ಳೆಗಳು ಈಗ ಬೇಕಾದಷ್ಟಿವೆ. ಕೆಲವಕ್ಕೆ ನರದ ಬಾಗಿಲೇ ಬದಲಾಗಿ ಮದ್ದು ಕೂರುವುದಿಲ್ಲ, ಕೆಲವು ಮದ್ದನ್ನು ಒಡೆಯುವ ಕಿಣ್ವ ಹೆಚ್ಚಿಸಿಕೊಂಡಿವೆ. ಎರಡನೆಯ ಬಗೆಗೆ ಆ ಕಿಣ್ವವನ್ನು ತಡೆಯುವ ಪಿಪೆರೊನೈಲ್ ಬ್ಯೂಟಾಕ್ಸೈಡ್ ಬೆರೆಸಿದ ಪರದೆಗಳು ಬಂದಿವೆ. ಎರಡು ವಸ್ತುಗಳು ಒಂದೇ ವೇಗದಲ್ಲಿ ಒಗೆದುಹೋಗುವುದಿಲ್ಲವಾದ್ದರಿಂದ ಹೊಸದರಲ್ಲಿದ್ದ ಪಾಕ ಹಳೆಯದರಲ್ಲಿ ಇರುವುದಿಲ್ಲ.

ಮನೆಗೆ ಬಂದ ಮೇಲೆ

ಬ್ಲೀಚ್ ಬೇಡ. ಡ್ರೈಕ್ಲೀನಿಂಗ್ ಅಂತೂ ಕೂಡದು, ಅದರ ದ್ರಾವಕ ಮದ್ದನ್ನು ಪೂರ್ತಿ ಎಳೆದುಹಾಕುತ್ತದೆ. ಬಟ್ಟೆ ಮೃದುವಾಗಲು ಹಾಕುವ ಸಾಫ್ಟನರ್ ಎಳೆಯ ಮೇಲೆ ಜಿಡ್ಡಿನ ಪದರ ಕಟ್ಟಿ ಮದ್ದನ್ನು ಮುಚ್ಚುತ್ತದೆ. ತಣ್ಣೀರು, ಸಾಧಾರಣ ಸೋಪು, ನೆರಳಿನಲ್ಲಿ ಒಣಗಿಸುವುದು ಸಾಕು. ಒಗೆದ ನೀರನ್ನು ಕೆರೆಗೆ, ಮೀನಿನ ತೊಟ್ಟಿಗೆ ಸೇರಿಸಬಾರದು. ಬೆಕ್ಕಿನ ಯಕೃತ್ತು ಪರ್ಮೆಥ್ರಿನ್ ಅನ್ನು ನಮ್ಮ ಹಾಗೆ ಒಡೆಯಲಾರದು, ಹಸಿ ಮದ್ದು ಅದಕ್ಕೆ ತಗಲದಂತೆ ನೋಡಿಕೊಳ್ಳಬೇಕು. ಮನುಷ್ಯರ ಚರ್ಮ ಒಣಬಟ್ಟೆಯಿಂದ ಹೀರಿಕೊಳ್ಳುವುದು ಬಹಳ ಕಡಿಮೆ, ಹೀರಿದ್ದನ್ನು ದೇಹ ಬೇಗ ಮುರಿದು ಹೊರಹಾಕುತ್ತದೆ. ಕೆಲವರಿಗೆ ಚರ್ಮ ಚುಮುಚುಮು ಅನ್ನುವುದುಂಟು.

ಗೊಬ್ಬರದಂಗಡಿಯ ಸೈಪರ್ಮೆಥ್ರಿನ್ ಬಾಟಲಿ ತಂದು ಬಕೆಟ್ಟಿನಲ್ಲಿ ಅಂಗಿ ಅದ್ದುವ ಯೋಚನೆ ಬಂದರೆ ಅಲ್ಲಿಗೇ ಬಿಡುವುದು ಒಳ್ಳೆಯದು. ಅದರಲ್ಲಿ ಕ್ಸೈಲೀನ್‌ನಂಥ ದ್ರಾವಕಗಳಿರುತ್ತವೆ, ಅದು ಮೈಗೆ ತಾಗುವ ಬಟ್ಟೆಗೆಂದು ಮಾಡಿದ್ದಲ್ಲ. ನಮ್ಮಲ್ಲಿ ಕೀಟನಾಶಕಗಳು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು, ಯಾವ ಬಳಕೆಗೆ ನೋಂದಣಿಯೋ ಆ ಬಳಕೆಗೆ ಮಾತ್ರ.

ಹಳೆಯ ಸಾದಾ ಪರದೆಗೆ ಅದಕ್ಕೆಂದೇ ತಯಾರಾದ ಶೇ 2.5ರ ಡೆಲ್ಟಾಮೆಥ್ರಿನ್ ದ್ರಾವಣವಿದೆ. ಒಂದು ಮಿಲಿಲೀಟರಿನಲ್ಲಿ 25 ಮಿಲಿಗ್ರಾಂ ಮದ್ದು, ಅದು ಒಂದು ಚದರ ಮೀಟರಿಗೆ ಸಾಕು. 15 ಚದರ ಮೀಟರಿನ ನೈಲಾನ್ ಪರದೆಗೆ 15 ಮಿಲಿಲೀಟರನ್ನು ಅರ್ಧ ಲೀಟರ್ ನೀರಿಗೆ ಬೆರೆಸಿ, ಕೈಗವಸು ಹಾಕಿಕೊಂಡು ಅದ್ದಬೇಕು. ಹತ್ತಿಯ ಪರದೆ ಎರಡು ಲೀಟರಿನಷ್ಟು ಕುಡಿಯುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಹರವಿ ಒಣಗಿಸಬೇಕು, ತೂಗುಹಾಕಿದರೆ ಮದ್ದೆಲ್ಲ ಅಂಚಿಗೆ ಇಳಿದು ಸೇರುತ್ತದೆ. ಮೂರು ಒಗೆತಕ್ಕೊಮ್ಮೆ, ಒಗೆಯದಿದ್ದರೂ ವರ್ಷಕ್ಕೊಮ್ಮೆ ಮತ್ತೆ ಅದ್ದಬೇಕು. ಇದು ತಣ್ಣೀರಿನ ಕೆಲಸವಾದ್ದರಿಂದ ಮದ್ದು ಎಳೆಯ ಮೇಲೆ ಕೂತಿರುತ್ತದೆಯೇ ಹೊರತು ಒಳಗೆ ಹೋಗಿರುವುದಿಲ್ಲ.

ಕಾಡಿಗೆ ದರಕು (ಒಣಗಿದ ಎಲೆ), ಸೌದೆಗೆ ಹೋಗುವವರ ಮಾತು ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಉಣುಗು ಹಾರುವುದಿಲ್ಲ, ಬಟ್ಟೆಯ ಮೇಲೆ ತೆವಳುತ್ತಾ ಮೇಲೇರುತ್ತದೆ, ಅಂದರೆ ಮದ್ದಿನ ಮೇಲೆ ನಿಮಿಷಗಟ್ಟಲೆ ನಡೆಯುತ್ತದೆ. ಪರ್ಮೆಥ್ರಿನ್ ಬಟ್ಟೆ ಉಣುಗಿಗೆ ಇಷ್ಟು ಚೆನ್ನಾಗಿ ತಾಗುವುದು ಅದಕ್ಕೇ. ಪ್ಯಾಂಟಿನ ಕೆಳತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿದರೆ ಅದು ಬಟ್ಟೆಯ ಹೊರಗಡೆಯಿಂದಲೇ ಹತ್ತಬೇಕಾಗುತ್ತದೆ. ಸೊಳ್ಳೆ ಹಾಗಲ್ಲ, ಬಟ್ಟೆಯಿಲ್ಲದ ಕೈ, ಕತ್ತು, ಕಿವಿಯನ್ನು ಹುಡುಕಿಕೊಂಡು ಬರುತ್ತದೆ. ಅಲ್ಲಿಗೆ ಮೈಗೆ ಹಚ್ಚುವ ಎಣ್ಣೆಯೇ ಬೇಕು. ಹಚ್ಚುವುದು ಡೀಟ್ ಆಗಿದ್ದರೆ ಹತ್ತಿ, ಉಣ್ಣೆ, ನೈಲಾನ್ ಬಟ್ಟೆಗಳಿಗೆ ತೊಂದರೆಯಿಲ್ಲ, ರೇಯಾನ್, ಅಸಿಟೇಟ್, ಸ್ಪ್ಯಾಂಡೆಕ್ಸ್ ಮತ್ತು ಕೈಗಡಿಯಾರದ ಪ್ಲಾಸ್ಟಿಕ್ ಗಾಜನ್ನು ಮಾತ್ರ ಅದು ಹಾಳುಮಾಡಬಲ್ಲದು.